ತಾಳ್ಮೆ ಸ್ಟುಡಿಯೊ ಬೋರ್ಡಿನ ಮೇಲೆ ನನ್ನ ಮುಖ

ಊರಿನವರ ಫೋಟೋ ತೆಗೆದೇ ಮುದುಕರಾದ ಗಂಡ ನನಗಿದ್ದಾರೆ, ಆದರೆ ನನ್ನದೇ ಒಂದು ಒಳ್ಳೆಯ ಫೋಟೋ ಇಲ್ಲ. ಸುಳ್ಳೆನ್ನುವವರು ಘಾನಾ ದೇಶದ ನಮ್ಮ ಊರು ತಮಾಲೆಗೆ ಬಂದು ನಮ್ಮ ಮನೆಯ ಗೋಡೆ ನೋಡಲಿ. ನಮ್ಮ ಯಜಮಾನರ ಹೆಸರು ನೈಂದೋ. ಅವರು ಮದುಮಕ್ಕಳದ್ದು ತೆಗೆದರು, ಊರ ಹಿರಿಯರದ್ದು ತೆಗೆದರು, ಯಾರದೋ ಹೊಸ ಮೋಟಾರ್‌ಬೈಕಿನದ್ದೂ ತೆಗೆದರು. ಒಮ್ಮೆ ಒಂದು ಟಗರಿನದ್ದು ತೆಗೆದರು. (ಟಗರು ನನಗಿಂತ ಲಕ್ಷಣವಾಗಿ ಬಂದಿತ್ತು ಎಂದು ನನ್ನ ಸವತಿ ಅಜಾರಾ ಈಗಲೂ ಹೇಳುತ್ತಾಳೆ. ಒಳ್ಳೆಯವಳೇ, ನಾಲಿಗೆ ಮಾತ್ರ ಹಾಗೆ.)

ಅವರ ಅಂಗಡಿಯ ಹೆಸರು ತಾಳ್ಮೆ ಸ್ಟುಡಿಯೊ. ತಾಳ್ಮೆಯೆಲ್ಲ ನನ್ನದು, ಹೆಸರು ಅವರ ಅಂಗಡಿಗೆ. ಬೋರ್ಡಿನ ಮೇಲೆ ವರ್ಷಾನುಗಟ್ಟಲೆ ಯಾರೋ ಒಬ್ಬ ಮದುಮಗಳು ಹಲ್ಲು ಬಿಟ್ಟುಕೊಂಡು ನಿಂತಿದ್ದಳು. ಯಾರು ಅವಳು ಎಂದರೆ ಇವರಿಗೆ ನೆನಪಿಲ್ಲ. ಹೆಸರು ಮರೆತವರಿಗೆ ಬೆಳಿಗ್ಗೆ ಎದ್ದು ಅವಳ ಮುಖ ಒರೆಸುವುದು ಮಾತ್ರ ಮರೆಯುತ್ತಿರಲಿಲ್ಲ. ಈ ಸಲ ಬಿಸಿಲಿಗೆ ಅವಳು ಪೂರ್ತಿ ಬಿಳಿಚಿಕೊಂಡಳು. ಮೊಮ್ಮಗಳು ವುಂಪಿನಿಯ ಮದುವೆಗೆ ಮೊದಲು ಹೊಸ ಬೋರ್ಡು ಹಾಕಿಸುವುದೆಂದಾಯಿತು. ನಾನು ಹೇಳಿದೆ, ಈ ಸಲ ಬೋರ್ಡಿನ ಮೇಲೆ ನನ್ನ ಮುಖ.

ಅವರು ನಕ್ಕರು. ಅವರು ಒಪ್ಪುವವರೆಗೆ ನನ್ನ ಅಡಿಗೆಯ ಸರದಿಯಲ್ಲಿ ಸಾರಿಗೆ ಉಪ್ಪು ಬೀಳಲಿಲ್ಲ. ಅಜಾರಾಳ ಸರದಿಯಲ್ಲೂ ಬೀಳಲಿಲ್ಲ, ಆ ಮದುಮಗಳನ್ನು ಕಂಡರೆ ಅವಳಿಗೂ ಆಗುತ್ತಿರಲಿಲ್ಲ.

ಒಪ್ಪಿದರು, ಆದರೆ ಒಂದು ಕೊಕ್ಕೆ ಇಟ್ಟರು. ಹೂವಿನ ಚಿತ್ತಾರದ ಬಟ್ಟೆ ಉಟ್ಟು, ಬೇವಿನ ಮರದ ಮುಂದೆ ಕೂತುಕೊಳ್ಳಬೇಕಂತೆ. ನಾನೋ, ಬಿಳಿ ಉಡುಪು ಹೊಲಿಸಿಟ್ಟಿದ್ದೆ, ಬೆನ್ನ ಹಿಂದೆ ಬರಿ ಆಕಾಶ ಇರಬೇಕೆಂದು ಕನಸು ಕಂಡಿದ್ದೆ. ಯಾಕಾಗದು ಎಂದು ಕೇಳಿದರೆ ಗುಟ್ಟು ಹೊರಬಿತ್ತು. ಹರ್ಮಟಾನ್ ಗಾಳಿ ಶುರುವಾದರೆ ಇಲ್ಲಿ ಧೂಳು ಹೋಗದ ಜಾಗವಿಲ್ಲ, ಹಿಟ್ಟಿನ ಡಬ್ಬಿಗೂ ನುಗ್ಗುತ್ತದೆ, ಮುಚ್ಚಿದ ಬಾಯಿಗೂ ನುಗ್ಗುತ್ತದೆ. ಇವರ ಕ್ಯಾಮೆರಾದ ಹೊಟ್ಟೆಗೂ ನುಗ್ಗಿತ್ತು. ಒಳಗೆ ಚಿತ್ರ ಮೂಡುವ ಪುಟ್ಟ ಚೌಕವಿದೆ, ಅದರ ಮೇಲೆ ಕೂತ ಕಣ ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಚುಕ್ಕೆಯಾಗಿ ಬರುತ್ತದೆ. ಬಿಳಿಯ ಮೇಲೆ, ಆಕಾಶದ ಮೇಲೆ ಎದ್ದು ಕಾಣುತ್ತದೆ. ನಮ್ಮವರಿಗೆ ಒಂದೊಂದು ಚುಕ್ಕೆಯ ಮನೆ ವಿಳಾಸವೂ ಗೊತ್ತು. ಒಂದನ್ನು ಮದುಮಗಳ ತಲೆವಸ್ತ್ರದ ಹೂವಿನಲ್ಲಿ ಅಡಗಿಸುವುದು, ಇನ್ನೊಂದನ್ನು ಮಾವನ ಗಡ್ಡದಲ್ಲಿ. ಈ ವಿದ್ಯೆಯಿಂದಲೇ ಮದುವೆಯ ಕಾಲವನ್ನೆಲ್ಲ ದಾಟುತ್ತಿದ್ದರು. ಮದುವೆಯ ಸುಗ್ಗಿ ಮುಗಿದ ಮೇಲೆ ರಾಜಧಾನಿ ಅಕ್ರಾಕ್ಕೆ ಕಳಿಸಿ ಶುದ್ಧ ಮಾಡಿಸುತ್ತೇನೆ, ಅಲ್ಲಿಯವರೆಗೆ ಯಾರೂ ಕೈ ಹಚ್ಚಬಾರದು ಎಂದರು.

ಈ ಮಾತನ್ನು ನನಗೆ ಹೇಳಿದರು ನೋಡಿ. ಈ ಕೇರಿಯಲ್ಲಿ ಯಾರ ಕಣ್ಣಿಗೆ ಧೂಳು ಬಿದ್ದರೂ ಯಾರ ಬಾಗಿಲಿಗೆ ಬರುತ್ತಾರೆ? ಒಗೆದ ಬಟ್ಟೆಯ ತುದಿಯನ್ನು ಬತ್ತಿಯಂತೆ ಹೊಸೆದು, ಶಿಯಾ ಮರದ ಕಾಯಿಯಿಂದ ತೆಗೆದ ಬೆಣ್ಣೆ ಚೂರು ಸವರಿ, ರೆಪ್ಪೆ ಎತ್ತಿ ಒಂದೇ ಎಳೆತ. ಇಮಾಮರ ಕಣ್ಣಿಗೇ ಕೈ ಹಾಕಿದವಳು ನಾನು.

ಶುಕ್ರವಾರ ಅವರು ಮಸೀದಿಗೆ ಹೋದರು. ನಾನು ಕ್ಯಾಮೆರಾದ ಮುಂದಿನ ಕೊಳವೆ ತಿರುಗಿಸಿ ತೆಗೆದೆ. ಅಜಾರಾ ಮಗುವಿನ ತಲೆ ಹಿಡಿದಂತೆ ಹಿಡಿದುಕೊಂಡಳು.

"ಅಕ್ಕಾ, ಬೇಡ. ಇದು ಕಣ್ಣಲ್ಲ."

"ನೋಡುತ್ತೆ ತಾನೆ? ನೋಡೋದೆಲ್ಲ ಕಣ್ಣೇ. ಅಲ್ಲಾಡಿಸ್ಬೇಡ, ಸರಿಯಾಗಿ ಹಿಡ್ಕೋ."

"ಅಳ್ತಾ ಇಲ್ಲವಲ್ಲ, ಅದೇ ಪುಣ್ಯ."

ಶಸ್ತ್ರಚಿಕಿತ್ಸೆ ಮುಗಿಯಿತು. ಪರೀಕ್ಷೆಗೆಂದು ಕತ್ತಲ ಕೋಣೆಯಲ್ಲಿ ಸುಣ್ಣದ ಗೋಡೆಯ ಮುಂದೆ ಅಜಾರಾಳ ಫೋಟೋ ತೆಗೆದೆ. ಒಂದು ಚುಕ್ಕೆಯೂ ಇಲ್ಲ. ಅಕ್ರಾದವರ ಹೊಟ್ಟೆಯ ಮೇಲೆ ಹೊಡೆದೆನಲ್ಲ ಎಂದು ಮರುಗಿದೆ ಕೂಡ.

ಮರುದಿನ ಬಿಳಿ ಉಡುಪಿನಲ್ಲಿ, ಉರಿಬಿಸಿಲಲ್ಲಿ, ಆಕಾಶವನ್ನು ಬೆನ್ನಿಗೆ ಹೊದ್ದು ಕೂತೆ. ಚುಕ್ಕೆ ಬಂದರೆ ನನ್ನ ಕೇಳಬೇಡ ಎಂದು ಗೊಣಗಿಕೊಂಡೇ ತೆಗೆದರು. ಆಮೇಲೆ ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯನ್ನು ಬಹಳ ಹೊತ್ತು ನೋಡಿದರು.

"ಸನಾತು, ಇಷ್ಟು ವರ್ಷ ನಿನ್ನ ಫೋಟೋ ಯಾಕೆ ತೆಗೀಲಿಲ್ಲ ನಾನು?" ಎಂದರು.

ನನ್ನ ಮದುವೆಯ ದಿನ ಕೂಡ ಅಷ್ಟು ನಾಚಿರಲಿಲ್ಲ. ಕರೆಂಟಿಲ್ಲದ್ದರಿಂದ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡದೆ, ಹಾಗೇ ಬೋರ್ಡಿನವನಿಗೆ ಕೊಟ್ಟು ಬಂದರು.

ಬೋರ್ಡು ಬಂತು. ಬಾಗಿಲಿಗಿಂತ ದೊಡ್ಡದು. ಮೇಲೇರಿಸಿ ಕಟ್ಟಿ ಹೊದಿಕೆ ಎಳೆದಾಗ ಬೀದಿಯೇ ಕತ್ತೆತ್ತಿ ನೋಡಿತು. ಪುಟ್ಟ ಪರದೆಯಲ್ಲಿ ಕಾಣದ ಚುಕ್ಕೆಗಳೆಲ್ಲ ಅಲ್ಲಿ ಕಡಲೆಕಾಯಿ ಗಾತ್ರ, ಕೆಲವು ಚಹಾದ ಲೋಟದ ಬಾಯಿಯಷ್ಟು. ಆಕಾಶಕ್ಕೆ ಅಡ್ಡಲಾಗಿ ಜಿಡ್ಡಿನ ಬರೆ. ಮೂಗಿನ ತುದಿಯಲ್ಲಿ ಒಂದು ಕೂತಿದೆ. ಮುಂದಿನ ಹಲ್ಲು ಇರುವ ಜಾಗದಲ್ಲಿ ಹಲ್ಲೇ ಇಲ್ಲ.

"ಕ್ಯಾಮೆರಾ ಮುಟ್ಟಿದ್ಯಾ?" ಎಂದರು.

"ಮುಟ್ಟಿಲ್ಲ. ಔಷಧ ಮಾಡಿದೆ ಅಷ್ಟೇ."

ಅವರು ಮೆಟ್ಟಿಲ ಮೇಲೆ ಕೂತರು. ಕತ್ತಲಲ್ಲಿ ಕ್ಯಾಮೆರಾದ ಕಿಂಡಿ ಅಗಲ ತೆರೆದಿರುತ್ತದೆ, ಧೂಳು ಮಸುಕಾಗಿ ಅಡಗುತ್ತದೆ. ಬಿಸಿಲಲ್ಲಿ ಕಿಂಡಿ ಕಿರಿದು ಮಾಡುತ್ತಾರೆ, ಆಗ ಒಂದೊಂದು ಕಣವೂ ಗೆರೆ ಕೊರೆದಂತೆ ಮೂಡುತ್ತದೆ ಎಂದು ಸಣ್ಣ ದನಿಯಲ್ಲಿ ವಿವರಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಬೆಣ್ಣೆಗೆ ಹಳೆಯ ಧೂಳು ಅಂಟಿಕೊಂಡು, ಹೊಸ ಧೂಳನ್ನೂ ನೆಂಟರಂತೆ ಕರೆದಿತ್ತು. ಕ್ಯಾಮೆರಾ ಕೆಲಸಕ್ಕೆ ಬಾರದೆ, ವುಂಪಿನಿಯ ಮದುವೆಯ ಫೋಟೋಗಳನ್ನು ಇವರ ಎದುರಾಳಿ ತೆಗೆದ. ಬೋರ್ಡು ಇನ್ನೊಮ್ಮೆ ಮಾಡಿಸುವ ಮಾತೇ ಇಲ್ಲ. ಕಣ್ಣಿನ ಧೂಳಿಗೆಂದು ನನ್ನ ಬಾಗಿಲಿಗೆ ಬರುತ್ತಿದ್ದ ಹೆಂಗಸರೆಲ್ಲ ಈಗ ನನ್ನ ಮುಖದ ರೋಗಕ್ಕೆಂದು ಬೇರು, ತೊಗಟೆ, ಬೇವಿನ ಸೊಪ್ಪು ಹಿಡಿದು ಬಂದರು.

ಕೊನೆಗೆ ಕಾಪಾಡಿದ್ದೂ ಅದೇ ಧೂಳು. ಗಾಳಿ ಜೋರಾಗಿ, ಬೋರ್ಡಿನ ಮೇಲೆ ಕೆಂಪು ಪದರ ಕೂತು, ನಾನೂ ಚುಕ್ಕೆಗಳೂ ಆಕಾಶವೂ ಒಂದೇ ಬಣ್ಣವಾದೆವು. ಹಾದಿಯ ಕಲ್ಲನ್ನೂ ಒರೆಸುವವಳು ನಾನು, ಸ್ಟೂಲು ಹಾಕಿಕೊಂಡು ಆ ಧೂಳಿಗೆ ಕಾವಲು ಕೂತೆ. ಯಜಮಾನರು ಹಳೆಯ ಅಭ್ಯಾಸದಂತೆ ಒರೆಸಲು ಬಂದರೆ ಬಟ್ಟೆ ಕಸಿದುಕೊಂಡೆ.

ಆಮೇಲೆ ಸೆಕೆಯ ತಿಂಗಳು ಬಂತು. ಊರೆಲ್ಲ ಆಕಾಶ ನೋಡುತ್ತಿತ್ತು. ಮಸೀದಿಯಲ್ಲಿ ಮಳೆಗಾಗಿ ಪ್ರಾರ್ಥನೆಯಾಯಿತು. ನಾನೂ ಕೈಯೆತ್ತಿದೆ. ಎಲ್ಲರೂ ಆಮೀನ್ ಎಂದಾಗ ನಾನು ಮೆಲ್ಲಗೆ, ಹೊಲದ ಮೇಲೆ ಸುರಿಸಪ್ಪ, ಪೇಟೆಯ ಮೇಲೆ ಬೇಡ ಎಂದು ಸೇರಿಸಿದೆ.

ನಿನ್ನೆ ಸುರಿಯಿತು, ಪೇಟೆಯ ಮೇಲೆಯೇ. ಮಕ್ಕಳು ಮುದುಕರು ಎನ್ನದೆ ಎಲ್ಲರೂ ಬೀದಿಗಿಳಿದು ನೆನೆದು ಕುಣಿದರು. ನಾನೊಬ್ಬಳು ಸ್ಟೂಲಿನ ಮೇಲೆ ನೆನೆಯುತ್ತ ಕೂತಿದ್ದೆ. ಮಳೆ ನಿಂತು ಬಿಸಿಲು ಬಿದ್ದಾಗ ಅಜಾರಾ ಪಕ್ಕದಲ್ಲಿ ಬಂದು ನಿಂತು, ಸೆರಗಿನಿಂದ ನನ್ನ ತಲೆ ಒರೆಸಿ, ಮಳೆ ತೊಳೆದ ಬೋರ್ಡನ್ನು ತಲೆಯೆತ್ತಿ ನೋಡಿದಳು.

"ಅಕ್ಕಾ, ಎಷ್ಟು ಚೆನ್ನಾಗಿ ಕಾಣ್ತಾ ಇದ್ದೀರ," ಎಂದಳು. "ಒಂದೊಂದು ಚುಕ್ಕೆಯೂ ಬಿಡಿಬಿಡಿಯಾಗಿ."