ಮಾವನವರ ಕೆಂಪು ಗುರುತು

ಬದುಕಿರುವವರ ಕೈಗೆ ಸಿಕ್ಕಿಬೀಳುವುದು ನನಗೆ ಹೊಸದಲ್ಲ. ಹೆಂಡತಿಯ ಕೈಗೆ ವಾರಕ್ಕೆರಡು ಸಲ, ಮ್ಯಾನೇಜರರ ಕೈಗೆ ತಿಂಗಳಿಗೊಂದು ಸಲ ತಪ್ಪದೆ ಸಿಕ್ಕಿಬೀಳುತ್ತಾ ಬಂದಿದ್ದೇನೆ. ಆದರೆ ತೀರಿಕೊಂಡು ಎಂಟು ತಿಂಗಳಾದವರೊಬ್ಬರ ಕೈಗೆ, ಅದೂ ಹಾಡಹಗಲಲ್ಲಿ, ಕಾರು ಓಡಿಸುತ್ತಿರುವಾಗ ಸಿಕ್ಕಿಬಿದ್ದ ಅಳಿಯ ಈ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು.

ನನ್ನ ಮಾವನವರು ನಲವತ್ತು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ಕೈಯಲ್ಲಿ ಸದಾ ಕೆಂಪು ಪೆನ್ನು. ಕಾಗುಣಿತ ತಪ್ಪಿದ್ದರೆ ಅಡಿಗೆರೆ, ವಾಕ್ಯ ತಪ್ಪಿದ್ದರೆ ಅಡ್ಡಗೆರೆ. ಬರೆದದ್ದು ಶುದ್ಧ ಸುಳ್ಳು ಎನಿಸಿದರೆ ಮಾತ್ರ ಪಕ್ಕದಲ್ಲಿ ಒಂದು ಕೆಂಪು ವೃತ್ತ, ಅದರೊಳಗೆ ಒಂದು ಆಶ್ಚರ್ಯಸೂಚಕ. 'ಹೀಗೂ ಉಂಟೇ?' ಎಂದು ಅದರ ಅರ್ಥ. ನಮ್ಮ ಲಗ್ನಪತ್ರಿಕೆಯ ಕರಡಿನಲ್ಲಿ ನನ್ನ ಹೆಸರಿನ ಮುಂದೆ 'ಸದ್ಗುಣಸಂಪನ್ನ' ಎಂದಿದ್ದಲ್ಲಿ ಅವರು ಈ ಗುರುತು ಹಾಕಿದ್ದರು. ಪ್ರೆಸ್ಸಿನವನು ಅದನ್ನೂ ತಿದ್ದುಪಡಿ ಎಂದುಕೊಂಡು 'ಸದ್ಗುಣಸಂಪನ್ನ!' ಎಂದೇ ಅಚ್ಚುಹಾಕಿಬಿಟ್ಟ. ಮದುವೆಗೆ ಬಂದವರೆಲ್ಲ ನನ್ನನ್ನು ಆಶ್ಚರ್ಯದಿಂದಲೇ ನೋಡಿಹೋದರು.

ಅವರು ಹೋದ ಮೇಲೆ ಅವರ ಬೂದುಬಣ್ಣದ ಹಳೇ ಕಾರು ನಮ್ಮ ಮನೆಗೆ ಬಂತು. ಉದ್ದ ಹಿಡಿಯ ಕಪ್ಪು ಕೊಡೆಯೂ ಬಂತು, ಆದರೆ ಬಂದ ತಿಂಗಳಲ್ಲೇ ಕಾಣೆಯಾಯಿತು. (ಪೇಪರ್ ಹಾಕುವವನೇ ಕದ್ದದ್ದು ಎಂದು ನನ್ನವಳ ಅಚಲ ನಂಬಿಕೆ. ಆ ವಿಷಯದಲ್ಲಿ ನಾನು ಮೌನವ್ರತಧಾರಿ.) ಕಾರಿನ ಬಾಗಿಲು ತೆಗೆದರೆ ಸಾಕು, ಮಾವನವರು ಚಪ್ಪರಿಸುತ್ತಿದ್ದ ಪೆಪ್ಪರ್‌ಮಿಂಟಿನ ವಾಸನೆ. ಮೂರು ಸಲ ತೊಳೆಸಿದರೂ ಹೋಗಲಿಲ್ಲ. ಕಣ್ಣು ಮಂಜಾದ ಮೇಲೆ ಅವರು ಹಿಂದಿನ ಸೀಟಿನ ಎಡಮೂಲೆಯಲ್ಲಿ ಕೂತು ನನ್ನ ಡ್ರೈವಿಂಗಿನ ಕರಡು ತಿದ್ದುತ್ತಿದ್ದರು. ಈಗ ಒಳಗಿನ ಕನ್ನಡಿಯನ್ನು ಎಷ್ಟು ಬಿಗಿ ಮಾಡಿದರೂ ಹತ್ತು ನಿಮಿಷಕ್ಕೆ ತಾನಾಗಿ ವಾಲಿ ಅದೇ ಎಡಮೂಲೆಯನ್ನು ತೋರಿಸುತ್ತದೆ. ಅಲ್ಲಿ ಯಾರೂ ಇರುವುದಿಲ್ಲ. ಸೀಟು ಮಾತ್ರ ಅವರು ಕೂತಷ್ಟೇ ತಗ್ಗಿರುತ್ತದೆ.

ನನಗೆ ಸಾಕಾಗಿ ಹೋಗಿತ್ತು. ಸ್ಟೋರ್ಸ್ ವಿಭಾಗದ ಗೆಳೆಯನಿಗೆ ಕಾರು ಮಾರುವುದೆಂದು ಗುಟ್ಟಾಗಿ ಮಾತಾಡಿಕೊಂಡೆ. ಮುಂದಿನ ಭಾನುವಾರ ಬಂದು ಒಯ್ಯುವುದೆಂದಾಗಿತ್ತು. ಹೆಂಡತಿಗೆ ಹೇಳಿರಲಿಲ್ಲ. ಅಪ್ಪನದೆಂದು ಅವಳಿಗೆ ಉಳಿದಿದ್ದು ಅದೊಂದೇ. ಕಾರು ಹೋದ ಮೇಲೆ 'ಬ್ರೇಕು ಕೆಟ್ಟಿತ್ತು, ಪ್ರಾಣ ಮುಖ್ಯ' ಎಂದು ಸಮಾಧಾನ ಹೇಳುವುದು ನನ್ನ ಘನಂದಾರಿ ಯೋಜನೆ.

ಸೋಮವಾರ ಸಂಜೆ ಅವಳನ್ನು ಕೂರಿಸಿಕೊಂಡು ಬರುತ್ತಿದ್ದೆ.

"ರೀ, ಬ್ರೇಕ್ ತೋರಿಸ್ಕೊಂಡು ಬನ್ನಿ ಅಂದಿದ್ನಲ್ಲ, ತೋರಿಸಿದ್ರಾ?"

"ಮೊನ್ನೇನೇ ತೋರಿಸ್ದೆ ಕಣೇ. ಹೊಸದರ ಹಾಗಿದೆ ಅಂದ ಮೆಕ್ಯಾನಿಕ್."

ಮಾರುವ ಕಾರಿಗೆ ಯಾರು ರಿಪೇರಿ ಮಾಡಿಸುತ್ತಾರೆ? ಆದರೆ ಮಾತು ಮುಗಿಯುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಏನೋ ಹೊತ್ತಿಕೊಂಡಿತು. ನೋಡಿದೆ. ಕೆಂಪು ವೃತ್ತ. ಅದರೊಳಗೆ ಆಶ್ಚರ್ಯಸೂಚಕ.

ನಮ್ಮ ಲಗ್ನಪತ್ರಿಕೆಯ ಕರಡಿನಲ್ಲಿದ್ದ ಅದೇ ಗುರುತು.

"ಏನ್ರೀ ಅದು?" ಎಂದಳು, ಮಡಿಲ ಪಕ್ಕದ ಹ್ಯಾಂಡ್‌ಬ್ಯಾಗ್ ಸರಿಮಾಡಿಕೊಳ್ಳುತ್ತಾ.

"ಏನಿಲ್ಲ, ಬ್ರೇಕ್ ಚೆನ್ನಾಗಿದೆ ಅಂತ ತೋರಿಸೋ ದೀಪ."

ದೀಪ ಇನ್ನೂ ಕೆಂಪಗೆ ಉರಿದಂತೆ ಕಂಡಿತು.

ಮರುದಿನದಿಂದ ವೈಜ್ಞಾನಿಕ ಪರೀಕ್ಷೆ ಶುರುಮಾಡಿದೆ. "ನನಗೆ ಹಸಿವಾಗ್ತಿದೆ" ಎಂದೆ. ದೀಪವಿಲ್ಲ. "ನಿನ್ನ ಹೊಸ ಕನ್ನಡಕ ತುಂಬ ಒಪ್ಪುತ್ತೆ" ಎಂದೆ. ಭಗ್ಗೆಂದು ಹೊತ್ತಿತು. ಗುರುವಾರ ನಾನೊಬ್ಬನೇ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಅವಳ ಫೋನು ಬಂತು. "ಇನ್ನೇನು ಮನೆ ತಿರುವಿನಲ್ಲಿದ್ದೀನಿ" ಎಂದೆ. ಮನೆ ಇನ್ನೂ ಐದು ಮೈಲಿ ದೂರ. ಖಾಲಿ ಕಾರಿನಲ್ಲಿ ಕೆಂಪು ವೃತ್ತ ಕಣ್ಣುಬಿಟ್ಟಿತು. ಪೆಪ್ಪರ್‌ಮಿಂಟ್ ವಾಸನೆ ಗಾಢವಾಯಿತು. ಕನ್ನಡಿ ಕಿರ್ರೆಂದು ಎಡಮೂಲೆಗೆ ವಾಲಿತು. ಹಿಂದಿನ ಗಾಡಿಯವರೆಲ್ಲ ಹಾರ್ನ್ ಹೊಡೆದರೂ ನನಗೆ ಕ್ಲಚ್ಚು ಯಾವುದು, ಕಾಲು ಯಾವುದು ತಿಳಿಯಲಿಲ್ಲ.

ಶುಕ್ರವಾರ ಭೂತೋಚ್ಚಾಟನೆಗೆ ಇಳಿದೆ. ಬ್ಯಾಟರಿಯ ವಯರು ಬಿಚ್ಚಿ ಹತ್ತು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿದರೆ ದೀಪಗಳೆಲ್ಲ ಹಿಂದಿನದನ್ನು ಮರೆಯುತ್ತವೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ನಾನೂ ಬಿಚ್ಚಿದೆ, ಸಿಕ್ಕಿಸಿದೆ. ರೇಡಿಯೋ ತನ್ನ ಸ್ಟೇಷನ್ನುಗಳನ್ನು ಮರೆಯಿತು, ಗಡಿಯಾರ ಹೊತ್ತನ್ನು ಮರೆತು ಹನ್ನೆರಡಕ್ಕೆ ಹೋಗಿ ಕೂತಿತು. ಮಾವನವರು ಮಾತ್ರ ಏನನ್ನೂ ಮರೆಯಲಿಲ್ಲ. "ಕಾರಿನ ಬಾನೆಟ್ ಯಾಕ್ರೀ ತೆಗೆದಿದ್ದೀರಾ?" ಎಂದು ಅವಳು ಕಿಟಕಿಯಿಂದ ಕೇಳಿದಳು. "ಧೂಳು ಒರೆಸ್ತಿದ್ದೆ" ಎಂದೆ. ಡ್ಯಾಶ್‌ಬೋರ್ಡಿನತ್ತ ನೋಡುವ ಧೈರ್ಯವಾಗಲಿಲ್ಲ.

ಶನಿವಾರ ಬೆಳಿಗ್ಗೆ ದಟ್ಟ ಮಂಜು. ಇಬ್ಬರೂ ಸ್ಮಶಾನದ ಉದ್ದಗೋಡೆಯ ಪಕ್ಕದ ಇಳಿಜಾರಿನಲ್ಲಿ ಹೋಗುತ್ತಿದ್ದೆವು. (ಅಂಗಡಿಗೆ ಬೇರೆ ದಾರಿಯಿತ್ತು. ಅವಳೇ ಇದು ಹತ್ತಿರ ಎಂದಳು.) ಗೋಡೆಯೊಂದು ಬಿಟ್ಟರೆ ಜಗತ್ತೇ ಇರಲಿಲ್ಲ.

"ರೀ," ಎಂದಳು ಮೆಲ್ಲಗೆ, "ಅಪ್ಪನ ಕಾರನ್ನ ಯಾರಿಗಾದ್ರೂ ಕೊಡೋ ಯೋಚನೆ ಇದೆಯಾ ನಿಮಗೆ?"

"ಛೆ ಛೆ! ಪ್ರಾಣ ಹೋದ್ರೂ ಇಲ್ಲ!"

ಕೆಂಪು ವೃತ್ತ. ಈ ಸಲ ಆರಲೇ ಇಲ್ಲ. ಒಳಗಿನ ಆಶ್ಚರ್ಯಸೂಚಕ ಕೋಲು ಹಿಡಿದು ನಿಂತ ಮುದುಕರ ಹಾಗೆ ನನ್ನನ್ನೇ ನೋಡುತ್ತಿತ್ತು. ಕನ್ನಡಿ ವಾಲಿತು. ನಾನು ಕಾರನ್ನು ಬದಿಗೆ ನಿಲ್ಲಿಸಿ, ಹಿಂದಿನ ಸೀಟಿಗೆ ಕೈಮುಗಿದುಬಿಟ್ಟೆ.

"ತಪ್ಪಾಯ್ತು ಮಾವ! ನಾಳೆ ಸ್ಟೋರ್ಸಿನವನಿಗೆ ಮಾರೋದಿತ್ತು. ಬ್ರೇಕೂ ತೋರಿಸಿಲ್ಲ. ನಿಮ್ಮ ಮಗಳ ಕನ್ನಡಕದಲ್ಲಿ ಅವಳು ನಿಮ್ಮ ಹಾಗೇ ಕಾಣ್ತಾಳೆ, ಅದಕ್ಕೇ ಹೆದರಿಕೆ!"

ಪಕ್ಕದಲ್ಲಿ ಅವಳು ಒಂದು ಕೈಯಲ್ಲಿ ಕನ್ನಡಕ ತೆಗೆದಳು.

"ಫೋನ್ ಮಾಡಿ," ಎಂದಳು. ಅವಳ ಕಣ್ಣು ತುಂಬಿತ್ತು. "ನನ್ನೆದುರೇ ಮಾಡಿ. ಕಾರು ಕೊಡಲ್ಲ ಅಂತ ಹೇಳಿ."

ಮಾಡಿದೆ. ಹೇಳಿದೆ. ದೀಪ ಆರಿತು.

ಅಲ್ಲಿಂದ ನೇರ ಗ್ಯಾರೇಜಿಗೆ. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಕಥೆಯನ್ನು (ಮಾವನವರನ್ನು ಬಿಟ್ಟು) ಕೇಳಿದ.

"ಈ ದೀಪ ಎರಡು ಕಾರಣಕ್ಕೆ ಹತ್ತುತ್ತೆ ಸಾರ್. ಒಂದು, ಬ್ರೇಕ್ ಆಯಿಲ್ ಕಡಿಮೆ ಆದಾಗ. ನಿಮ್ಮದರಲ್ಲಿ ಪ್ಯಾಡ್ ಸವೆದು ಆಯಿಲ್ ಗೆರೆಗಿಂತ ಕೆಳಗೆ ಹೋಗಿದೆ, ನೋಡಿ. ಇನ್ನು ನಾಲ್ಕು ದಿನ ಬಿಟ್ಟಿದ್ರೆ ಆ ಸ್ಮಶಾನದ ಇಳಿಜಾರಲ್ಲಿ ನಿಲ್ಲೋದು ಬಿಟ್ಟು ಒಳಗೇ ಹೋಗ್ತಿದ್ರಿ. ಇನ್ನೊಂದು, ಹ್ಯಾಂಡ್‌ಬ್ರೇಕ್. ಪೂರ್ತಿ ಕೆಳಗಿರಬೇಕು. ಹಿಡೀನ ಒಂದೇ ಒಂದು ಹಲ್ಲಿನಷ್ಟು ಮೇಲೆತ್ತಿದ್ರೂ ದೀಪ ಬರುತ್ತೆ." ಆಮೇಲೆ ಹಿಡಿಯನ್ನು ಎತ್ತಿ ಇಳಿಸಿ ನೋಡಿ ಹುಬ್ಬೇರಿಸಿದ. "ಓಡ್ತಿರುವಾಗ ಇದನ್ನ ಯಾರೋ ಎತ್ತಿದ್ದಾರೆ ಸಾರ್. ಇದರಲ್ಲಿ ಕೈವಾಡ ಇದೆ."

ಹೆಂಡತಿಗೆ ಯಾಕೋ ಕೆಮ್ಮು ಬಂತು.

ಹೊಸ ಪ್ಯಾಡು ಹಾಕಿ, ಆಯಿಲ್ ತುಂಬಿ, ಹಿಡಿಯನ್ನು ಕೆಳಗೊತ್ತಿ ಕಳಿಸಿದ. ದೀಪ ತಣ್ಣಗಿತ್ತು. ಮಂಜು ಕರಗಿ ಬಿಸಿಲು ಬಂದಿತ್ತು. ನನಗೆ ಗೆಲುವಾಗಿ, "ಇನ್ಮೇಲೆ ನಿನ್ನ ಹತ್ರ ಒಂದೇ ಒಂದು ಸುಳ್ಳೂ ಹೇಳಲ್ಲ ಕಣೇ" ಎಂದೆ.

ಕೆಂಪು ವೃತ್ತ ಹತ್ತಿತು.

ಈ ಸಲ ನಾನು ಡ್ಯಾಶ್‌ಬೋರ್ಡಿನತ್ತ ಅಲ್ಲ, ಕೆಳಗೆ ನೋಡಿದೆ. ನಮ್ಮಿಬ್ಬರ ನಡುವೆ ಅವಳ ಹ್ಯಾಂಡ್‌ಬ್ಯಾಗು. ಬ್ಯಾಗಿನಡಿ ಅವಳ ಕೈ. ಕೈಯಲ್ಲಿ ಹ್ಯಾಂಡ್‌ಬ್ರೇಕಿನ ಹಿಡಿ.

"ಒಂದೇ ಹಲ್ಲು ರೀ," ಎಂದು ನಕ್ಕಳು. "ಆ ಸ್ಟೋರ್ಸಿನವನ ಹೆಂಡ್ತಿ ನನಗೆ ಹೋದ ಭಾನುವಾರವೇ ಹೇಳಿದ್ಲು. ಕೇಳಿದ್ರೆ ನೀವು ಒಪ್ತಿದ್ರಾ? ಕರಡು ತಿದ್ದೋರ ಮಗಳು ನಾನು."

"ಎತ್ತಬೇಡ, ಮಾರಾಯ್ತಿ! ಈಗಷ್ಟೇ ರಿಪೇರಿಯಾಗಿದೆ!"

"ಸರಿ, ಇನ್ನು ಮುಟ್ಟಲ್ಲ" ಎಂದು ಹಿಡಿ ಇಳಿಸಿ, ಎರಡೂ ಕೈಯನ್ನು ಮಡಿಲ ಮೇಲಿಟ್ಟುಕೊಂಡಳು. ದೀಪ ಆರಿತು. ನನಗೆ ಒಂದೇ ಒಂದು ಸಂಶಯ ಉಳಿದಿತ್ತು.

"ಹಾಗಾದ್ರೆ ಗುರುವಾರ ಸಿಗ್ನಲ್ಲಿನಲ್ಲಿ ನಾನೊಬ್ಬನೇ ಇದ್ದಾಗ?"

ಅವಳ ನಗು ನಿಂತಿತು. "ಗುರುವಾರ ನಾನು ಮನೇಲಿದ್ದೆನಲ್ರೀ."

"ಆಯಿಲ್ ಕಡಿಮೆ ಇತ್ತಲ್ಲ!" ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು. ಆಮೇಲೆ ಅವಳೇ ಕೇಳಿದಳು: "ಇನ್ನೇನೂ ಮುಚ್ಚಿಟ್ಟಿಲ್ಲ ತಾನೆ?"

"ಏನೂ ಇಲ್ಲ."

ನನ್ನ ಎರಡು ಕೈ ಸ್ಟೀರಿಂಗಿನ ಮೇಲಿದ್ದವು. ಅವಳ ಎರಡು ಕೈ ಮಡಿಲಿನಲ್ಲಿದ್ದವು. ಹಿಡಿ ಕೆಳಗೇ ಇತ್ತು. ಹೊಸ ಆಯಿಲ್ ಗೆರೆಯವರೆಗೂ ತುಂಬಿತ್ತು.

ಪೆಪ್ಪರ್‌ಮಿಂಟ್ ವಾಸನೆ ಬಂತು. ಕನ್ನಡಿ ಕಿರ್ರೆಂದು ಎಡಮೂಲೆಗೆ ವಾಲಿತು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ವೃತ್ತ ನಿಧಾನವಾಗಿ, ಪೆನ್ನಿನಲ್ಲಿ ಸುತ್ತಿದ ಹಾಗೆ, ಹತ್ತಿಕೊಂಡಿತು.

"ಕೊಡೆ!" ಎಂದು ಚೀರಿದೆ. "ಕೊಡೆ ಬಸ್ಸಿನಲ್ಲಿ ಬಿಟ್ಟು ಬಂದಿದ್ದು ನಾನೇ ಮಾವ!"

ದೀಪ ಆರಿತು.

ಹೆಂಡತಿ ಮಾತ್ರ ಹೊತ್ತಿಕೊಂಡಳು. "ಏನಂದ್ರಿ? ಏಳು ತಿಂಗಳಿಂದ ಆ ಪೇಪರಿನವನನ್ನ ಕಳ್ಳ ಅಂತ ಬೈತಿದ್ದೀನಿ, ಅಪ್ಪನ ಕೊಡೆ ಕಳೆದದ್ದು ನೀವಾ?"

ಇವಳನ್ನು ಆರಿಸುವ ಹಿಡಿ ಎಲ್ಲಿದೆ ಎಂದು ಮೆಕ್ಯಾನಿಕ್ಕನ್ನು ಕೇಳಿಕೊಂಡು ಬರಬೇಕಿತ್ತು.