ಒಂದು ಅಂಕದ ಸುಕ್ಕು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅಂದಿನ ರಂಪಕ್ಕೆಲ್ಲ ಮೂಲ, ಬೆಳಗ್ಗೆ ಇಸ್ತ್ರಿಯಣ್ಣನ ಹೆಸರಿಗೆ ಬಂದ ಒಂದು ಲಕೋಟೆ.

ಹತ್ತೊಂಬತ್ತು ವರ್ಷ ನಿಂತೇ ಇಸ್ತ್ರಿ ಮಾಡಿದವನಿಗೆ ಮೂಲೆಯಲ್ಲಿದ್ದ ಮೇಲ್ವಿಚಾರಕರ ಕುರ್ಚಿಯ ಮೇಲೆ ಕಣ್ಣು. ಅದು ಖಾಲಿಯೂ ಆಗಿತ್ತು. ಆದರೆ ಕೂರುವವರು ಹೈಸ್ಕೂಲು ಮುಗಿಸಿರಬೇಕು, ಇವನು ಅರ್ಧಕ್ಕೇ ಬಿಟ್ಟವನು. ಅಂಥವರಿಗೆಂದೇ ಹೈಸ್ಕೂಲಿಗೆ ಸಮಾನವಾದ ಪರೀಕ್ಷೆಯೊಂದಿದೆ ಎಂದು ತಿಳಿದು ಕಟ್ಟಿಯೇ ಬಿಟ್ಟ. ಒಬ್ಬನೇ ಹೋಗಲು ಪುಕ್ಕಲು. ಹಾಸುಗಳನ್ನು ಮಡಚುವ ಮಡಚಕ್ಕನನ್ನೂ ಪುಸಲಾಯಿಸಿ ಕಟ್ಟಿಸಿದ. ಮೂರು ತಿಂಗಳು ಊಟದ ಬಿಡುವಿನಲ್ಲಿ ಅವಳಿಗೆ ಪಾಠ ಹೇಳಿದವನೂ ಅವನೇ. "ಇವತ್ತು ಸಂಜೆಯೊಳಗೆ ಪಾಸಾದ ಕಾಗದ ತೋರಿಸಿದವರಿಗೆ ಕುರ್ಚಿ" ಎಂದಿದ್ದರು ಕಚೇರಿಯ ಮೇಡಂ.

ಲಕೋಟೆ ಒಡೆಯುವಷ್ಟರಲ್ಲಿ ಬಾಯ್ಲರ್ ನೋಡಿಕೊಳ್ಳುವ ಮಾಮ ಕಾಗದ ಕಸಿದುಕೊಂಡ.

"ಭಾಷೆ ನೂರ ಎಪ್ಪತ್ತೆರಡು! ಸಮಾಜ ನೂರ ಅರವತ್ತೆಂಟು! ವಿಜ್ಞಾನ ನೂರ ಅರವತ್ತೊಂದು! ಗಣಿತ... ನೂರ ನಲವತ್ನಾಲ್ಕು. ಪಾಸಿಗೆ ಎಷ್ಟು ಬೇಕಪ್ಪಾ?"

"ನೂರ ನಲವತ್ತೈದು" ಎಂದ ಇಸ್ತ್ರಿಯಣ್ಣ.

"ಅಯ್ಯೋ, ಅದಕ್ಯಾಕೆ ಹೆದರ್ತೀಯಾ? ನಾವು ದಿನಾ ಏನ್ ಮಾಡ್ತೀವಿ? ನಾಲ್ಕು ಮಷೀನಿನ ತೂಕ ಕೂಡಿಸಿ ಬರೀತೀವಿ. ಒಂದರಲ್ಲಿ ಎರಡು ಹಾಸು ಕಮ್ಮಿಯಾದ್ರೆ ಯಾರು ಕೇಳ್ತಾರೆ? ಇಲ್ಲೂ ಹಾಗೇ!"

ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ನಡೆಯಿತು. ಬೇಕಾದದ್ದು ಐನೂರ ಎಂಬತ್ತು, ಬಂದದ್ದು ಆರುನೂರ ನಲವತ್ತೈದು. ಇಡೀ ವಿಭಾಗ ಹೋ ಎಂದಿತು.

"ನಿಂದೇನಾಯ್ತಕ್ಕಾ?" ಎಂದು ಯಾರೋ ಕೇಳಿದರು.

"ಅಣ್ಣನ ಅಂಕದ ಮುಂದೆ ತೋರಿಸೋ ಹಾಗಿಲ್ಲ ಬಿಡಿ" ಎಂದು ಮಡಚಕ್ಕ ತನಗೂ ಬಂದಿದ್ದ ಕಾಗದವನ್ನು ಎಂಟು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿದಳು.

ಇಸ್ತ್ರಿಯಣ್ಣನನ್ನು ಬಟ್ಟೆ ಗಾಡಿಯಲ್ಲಿ ಕೂರಿಸಿ ವಾರ್ಡುಗಳ ಮುಂದೆಲ್ಲ ಮೆರವಣಿಗೆ ಮಾಡಿದರು. ನರ್ಸುಗಳು ಚಪ್ಪಾಳೆ ತಟ್ಟಿದರು. ಕಾಲಿಗೆ ಪಟ್ಟಿ ಕಟ್ಟಿಕೊಂಡ ರೋಗಿಯೊಬ್ಬ ಸೀಟಿ ಹೊಡೆದ. ಖುಷಿ ತಲೆಗೇರಿ, ಕೇಳಿದವರಿಗೆಲ್ಲ ಇವನು ರಜೆ ಮಂಜೂರು ಮಾಡುತ್ತಾ ಬಂದ. ಗಾಡಿ ಕಚೇರಿಯ ಮುಂದೆ ನಿಂತಿತು.

ಮೇಡಂ ಕಾಗದವನ್ನು ಎರಡು ಸಲ ಓದಿದರು.

"ಇದು ಕೂಡಿಸೋ ಲೆಕ್ಕ ಅಲ್ಲಪ್ಪಾ. ಒಂದೊಂದು ವಿಷಯದಲ್ಲೂ ನೂರ ನಲವತ್ತೈದು ಬರಲೇಬೇಕು. ಒಂದರದ್ದು ಇನ್ನೊಂದಕ್ಕೆ ಸೇರಲ್ಲ. ಗಣಿತ ಮಾತ್ರ ಮತ್ತೆ ಬರಿ, ಸಾಕು."

"ಒಂದೇ ಒಂದು ಅಂಕ, ಮೇಡಂ!"

"ಎಷ್ಟು ಪ್ರಶ್ನೆ ಬಿಟ್ಟೆ?"

"ಮೂರು. ಉತ್ತರ ಗೊತ್ತಿರಲಿಲ್ಲ. ಬಿಳೀ ಹಾಳೆ ಮೇಲೆ ಸುಮ್ನೆ ಯಾಕೆ ಕಲೆ ಮಾಡೋದು ಅಂತ..."

ಹತ್ತೊಂಬತ್ತು ವರ್ಷ ಬಿಳಿ ಬಟ್ಟೆಯ ಮೇಲೆ ಕಲೆ ಬೀಳದಂತೆ ಕಾದ ಕೈ ಅದು, ಪಾಪ. ಗಾಡಿ ತಳ್ಳಿದವರೆಲ್ಲ ನೆಲ ನೋಡಿದರು.

"ಅಯ್ಯೋ ಅಣ್ಣಾ!" ಎಂದಳು ಮಡಚಕ್ಕ. "ತಪ್ಪಿಗೆ ಅಂಕ ಕಳೆಯಲ್ಲ, ಒಂದನ್ನೂ ಖಾಲಿ ಬಿಡಬೇಡ ಅಂತ ನಂಗೆ ಹೇಳಿದ್ದು ನೀವೇ ಅಲ್ವಾ? ಗೊತ್ತಿಲ್ಲದ್ದಕ್ಕೆಲ್ಲ ಕಣ್ಮುಚ್ಚಿ ಗುರುತು ಹಾಕಿದೆ. ಆದ್ರೂ ನಿಮ್ಮಷ್ಟೆಲ್ಲಿ ಬಂತು?" ಎನ್ನುತ್ತಾ ಸೊಂಟದ ಕಾಗದ ಬಿಚ್ಚಿದಳು.

ಮೇಡಂ ಓದಿದರು. ನೂರ ನಲವತ್ತಾರು, ನೂರ ನಲವತ್ತೈದು, ನೂರ ನಲವತ್ತೇಳು. ಗಣಿತ, ನೂರ ನಲವತ್ತೈದು.

"ಎಲ್ಲದರಲ್ಲೂ ಪಾಸಾಗಿದ್ದೀಯಲ್ಲಮ್ಮಾ ನೀನು! ಹೋಗು, ಕುರ್ಚಿ ನಿಂದೇ."

ಇಸ್ತ್ರಿಯಣ್ಣನಿಗೆ ಹೊಟ್ಟೆಕಿಚ್ಚಾಗಬೇಕಿತ್ತು. ಆದರೆ ತನ್ನ ಶಿಷ್ಯೆ ಬಾಯಿಗೆ ಕೈ ಅಡ್ಡ ಹಿಡಿದು ಅಳುವುದನ್ನೂ ನಗುವುದನ್ನೂ ಒಟ್ಟಿಗೇ ಮಾಡುತ್ತಿರುವುದು ಕಂಡು ಅವನ ಎದೆಯೂ ಉಬ್ಬಿತು. ಅವಳನ್ನು ಗಾಡಿಗೆ ಹತ್ತಿಸಿ, ತಾನೇ ತಳ್ಳಿಕೊಂಡು ಬಂದ.

ಬಾಗಿಲಲ್ಲೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮೆರವಣಿಗೆಯ ಭರದಲ್ಲಿ ಇಸ್ತ್ರಿ ಪೆಟ್ಟಿಗೆಯನ್ನು ಹಾಸಿನ ಮೇಲೆಯೇ ಬಿಟ್ಟಿದ್ದ. ಬಿಳಿ ಬಟ್ಟೆಯ ನಟ್ಟನಡುವೆ ಕಂದು ಬಣ್ಣದ ದೊಡ್ಡ ಕಲೆ!

ಮಡಚಕ್ಕ ಹೊಸ ಕುರ್ಚಿಯ ತುದಿಯಲ್ಲಿ ಕೂತು, ನಷ್ಟದ ವರದಿಯ ಹಾಳೆ ತೆಗೆದು ಬರೆಯತೊಡಗಿದಳು. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು.

"ಯಾರಿಂದ ಆಯ್ತು ಅಂತ ಕೇಳಿದ್ದಾರೆ ಅಣ್ಣಾ. ಖಾಲಿ ಬಿಡ್ಲಾ?"

ಇಸ್ತ್ರಿಯಣ್ಣ ಸುಟ್ಟ ಹಾಸನ್ನು ಮಡಚುತ್ತಾ ನಿಟ್ಟುಸಿರು ಬಿಟ್ಟ.

"ಬೇಡಕ್ಕಾ, ನನ್ನ ಹೆಸರೇ ಬರಿ. ಖಾಲಿ ಬಿಟ್ರೆ ಏನಾಗುತ್ತೆ ಅಂತ ಇವತ್ತು ನೋಡಿದ್ದಾಯ್ತಲ್ಲ."