ಚಪ್ಪಲಿ ಬಿಟ್ಟು ಬನ್ನಿ, ಒಳಗೆ ಕಂಪ್ಯೂಟರ್ ಇದೆ

ವಿಜ್ಞಾನ ಎಲ್ಲ ಊರಲ್ಲೂ ಒಂದೇ ಥರ ನಡೆಯುತ್ತದೆ ಎಂದು ಬರೆದವರು ಯಾರೂ ಹುಣಸೂರಿಗೆ ಬಂದು ನೋಡಿದವರಲ್ಲ. ಮೇಲೆಸೆದ ಕಲ್ಲು ಇಲ್ಲೂ ಕೆಳಗೇ ಬೀಳುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಒಂದು ಯಂತ್ರ ನಮ್ಮ ಜನರ ಕೈಗೆ ಸಿಕ್ಕಿತೆಂದರೆ, ಅದನ್ನು ಮಾಡಿದವನಿಗೂ ಗೊತ್ತಿಲ್ಲದ ಕೆಲಸವನ್ನೆಲ್ಲ ಕಲಿತುಬಿಡುತ್ತದೆ. ಇಂಥವು ನನ್ನ ಕಣ್ಣೆದುರಿಗೇ ನಡೆಯುತ್ತ ಬಂದಿವೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ರೇಡಿಯೊ, ಟಿ.ವಿ. ರಿಪೇರಿಯಲ್ಲಿ ಕೈ ಪಳಗಿದ್ದ ನಾನು, ಇನ್ನು ಮುಂದೆ ಲೋಕ ನಡೆಯುವುದೇ ಕಂಪ್ಯೂಟರಿನಿಂದ ಎಂದು ತೀರ್ಮಾನಿಸಿ, ಬಸ್‌ಸ್ಟ್ಯಾಂಡ್ ಹತ್ತಿರ ಮಳಿಗೆ ಹಿಡಿದು ಒಂದೇ ಒಂದು ಕಂಪ್ಯೂಟರ್ ತಂದಿಟ್ಟೆ. ಪಾಠ ಹೇಳುವುದೂ ಅದರಲ್ಲೇ, ಟೈಪಿಂಗ್ ಕೆಲಸವೂ ಅದರಲ್ಲೇ. ಊರವರು ನನಗೆ ಮೇಷ್ಟ್ರು ಎಂದು ಹೆಸರಿಟ್ಟರು.

ಮಳಿಗೆಯ ಯಜಮಾನರು ಗಾವಡಗೆರೆ ಕಡೆಯ ಹೊಗೆಸೊಪ್ಪಿನ ಬೆಳೆಗಾರರು. ಎಲ್ಲರಂತೆ ನಾನೂ ಅವರನ್ನು ಗೌಡರೇ ಎನ್ನುತ್ತಿದ್ದೆ. ಆಷಾಢದಲ್ಲಿ ಒಂದು ದಿನ ಬಂದು, ಕಂಪ್ಯೂಟರನ್ನು ಹಿಂದೆ ಮುಂದೆ ನೋಡಿ ಹೇಳಿದರು:

"ಮೇಷ್ಟ್ರೇ, ನೀವೇನೋ ಒಳ್ಳೇವ್ರು. ಆದ್ರೆ ಈ ಪೆಟ್ಗೆ ಉಳಾಕಿಲ್ಲ, ಬಿತ್ತಾಕಿಲ್ಲ. ದೀಪಾವಳಿಗಂಟ ನೋಡ್ತೀನಿ. ಇದ್ರಿಂದ ಏನೋ ಉಪ್ಯೋಗ ಅದೆ ಅಂತ ನಂಗೆ ಅನ್ನುಸ್ಬೇಕು. ಇಲ್ದಿದ್ರೆ ಮಳಿಗೆ ಬುಟ್ಕೊಡಿ, ಗೊಬ್ಬರದಂಗ್ಡಿ ಮಾಡ್ತೀನಿ."

ಊರಲ್ಲಿ ಬೇರೆ ಮಳಿಗೆ ಖಾಲಿ ಇರಲಿಲ್ಲ. ಇದು ಹೋದರೆ ಕಂಪ್ಯೂಟರನ್ನು ಹೊತ್ತುಕೊಂಡು ಮನೆಗೇ ಹೋಗಬೇಕು. "ಟಿ.ವಿ. ರಿಪೇರಿಗೆ ಏನು ಧಾಡಿ ಬಂದಿತ್ತು?" ಎಂದು ಕೇಳಲು ಅಲ್ಲಿ ನನ್ನಾಕೆ ಕಾದೇ ಇದ್ದಳು. ಆದರೂ ಕಂಪ್ಯೂಟರಿಗೂ ಯೂರಿಯಾ ಮೂಟೆಗೂ ಪೈಪೋಟಿ ಬಿದ್ದರೆ ಗೆಲ್ಲುವುದು ಯಾರೆಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ತೀರ್ಥ ಕೊಡಪ್ಪ

ಆಗೆಲ್ಲ ಕಂಪ್ಯೂಟರಿಗೆ ಧೂಳು ತಾಕಿದರೆ ಕಥೆ ಮುಗಿಯಿತು ಎಂಬ ಭಯ. ಬಾಗಿಲಿಗೆ ‘ಚಪ್ಪಲಿ ಹೊರಗೆ ಬಿಡಿ’ ಎಂಬ ಬೋರ್ಡು, ಕಿಟಕಿಗೆ ಪರದೆ, ಕಂಪ್ಯೂಟರಿಗೆ ಹೂವಿನ ಚಿತ್ರದ ಬಟ್ಟೆಯ ಹೊದಿಕೆ. ಕೆ.ಆರ್. ನಗರದ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿ, ಬಾಗಿಲಲ್ಲಿ ಚಪ್ಪಲಿ ಸಾಲು ಕಂಡು ತಾವೂ ಚಪ್ಪಲಿ ಬಿಟ್ಟು ಒಳಗೆ ಬಂದರು. ನಾನು ಆಗಷ್ಟೇ ಹೊದಿಕೆ ತೆಗೆಯುತ್ತಿದ್ದೆ. ಕಲಿಯಲು ಬಂದವರು ಭಯಭಕ್ತಿಯಿಂದ ಸುತ್ತ ನಿಂತಿದ್ದರು. ಅಜ್ಜಿ ಸೆರಗು ಹೊದ್ದು ಕೈಮುಗಿದು, "ತೀರ್ಥ ಕೊಡಪ್ಪ" ಎಂದು ಅಂಗೈ ಚಾಚಿದರು.

"ಅಜ್ಜಿ, ಇದು ದೇವರಲ್ಲ, ಕಂಪ್ಯೂಟರು" ಎಂದು ನಾನು ವಿವರಿಸಿದೆ. "ಧೂಳು ಬಿದ್ರೆ ಕೆಟ್ಟೋಗುತ್ತೆ, ಅದಕ್ಕೇ ಚಪ್ಪಲಿ ಹೊರಗೆ. ನಾವು ಕ್ರಮವಾಗಿ ಕೇಳಿದ್ರೆ ಉತ್ತರ ಕೊಡುತ್ತೆ. ಒಂಚೂರು ತಪ್ಪಾದ್ರೂ ಸುಮ್ಮನೆ ನಿಂತುಬಿಡುತ್ತೆ."

"ಅಂಗಾದ್ರೆ ದೇವ್ರೇ ಕಣಪ್ಪ" ಎಂದರು ಅಜ್ಜಿ. "ನಮ್ಮೂರಮ್ಮನೂ ಇಂಗೇಯ, ಮಡಿ ಕೆಟ್ರೆ ಮಾತಾಡಾಕಿಲ್ಲ. ನೀನು ಪೂಜಾರಿ, ದಿನಾ ಮುಟ್ಟೋನು. ನಿಂಗೆ ಗೊತ್ತಾಗಾಕಿಲ್ಲ ಬುಡು."

ಕಿರುಚುವ ಅರ್ಜಿ

ನನ್ನ ಹತ್ತಿರ ಎರಡು ಪ್ರಿಂಟರುಗಳಿದ್ದವು. ಒಂದು ಹಳೆಯದು, ಕರಕರ ಎಂದು ಬೀದಿಗೆಲ್ಲ ಕೇಳುವಂತೆ ಬರೆಯುವುದು. ಇನ್ನೊಂದು ಹೊಸದು, ಸದ್ದಿಲ್ಲದೆ ಮುತ್ತಿನಂಥ ಅಕ್ಷರ ಹಾಕುವುದು. ಹಂಪಾಪುರ ಕಡೆಯ ಒಬ್ಬರು ತಮ್ಮೂರಿಗೆ ಬಸ್ಸು ಬಿಡಬೇಕೆಂದು ಅರ್ಜಿ ಬರೆಸಲು ಬಂದರು. ಅಷ್ಟು ದೂರದಿಂದ ಬಂದಿದ್ದಾರೆಂದು ನಾನು ಹೊಸದರಲ್ಲೇ ತೆಗೆದುಕೊಟ್ಟೆ. ಅವರು ಹಾಳೆ ತಿರುಗಿಸಿ ನೋಡಿ, ವಾಪಸ್ ಕೊಟ್ಟರು.

"ಸದ್ದೇ ಬರ್ನಿಲ್ವಲ್ಲ ಸ್ವಾಮಿ. ಆ ಹಳೇ ಮಿಷನ್ನಾಗೆ ಒಡೀರಿ."

ಶಾಯಿಯ ಹನಿಗಳು ಎಷ್ಟು ಸಣ್ಣವು, ಅವು ಕಾಗದದ ಮೇಲೆ ಹೇಗೆ ಕೂರುತ್ತವೆ ಎಂದು ನಾನು ಒಂದು ಪಾಠವನ್ನೇ ಮಾಡಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು ಹೇಳಿದರು:

"ಅವೆಲ್ಲ ಸರಿ. ಎಲ್ಡು ಸಲ ಮೆತ್ತಗೆ ಕೇಳಿದ್ದಾಯ್ತು, ಬಸ್ ಬುಡ್ನಿಲ್ಲ. ಈ ಸಲ ಒಸಿ ಕಿರುಚೋ ಮಿಷನ್ನೇ ಆಗ್ಲಿ."

ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದ ಗೌಡರು, "ಕಿರುಚಾಕೆ ಇಷ್ಟು ದೊಡ್ಡ ಪೆಟ್ಗೆ ಯಾಕೆ ಮೇಷ್ಟ್ರೇ, ನಮ್ಮನೇಲಿ ನಾನೇ ಇದೀನಲ್ಲ" ಎಂದು ಹೊರಟುಹೋದರು.

ಆರತಿಗೆ ಓಗೊಡುವ ಯಂತ್ರ

ಗೌಡರ ಮನಸ್ಸು ಗೆಲ್ಲಬೇಕಾದರೆ ಅವರ ಹೊಲಕ್ಕೇ ವಿಜ್ಞಾನ ಒಯ್ಯಬೇಕು ಎನಿಸಿತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಶಾಖ ಹೆಚ್ಚಾದರೆ ಸೊಪ್ಪು ಕಪ್ಪಾಗಿ ಶ್ರಮವೆಲ್ಲ ದಂಡ. ಅದಕ್ಕೆಂದು ನಾನೇ ಒಂದು ಯಂತ್ರ ಮಾಡಿದೆ. ತಂತಿಯ ತುದಿಯ ಗುಂಡಿಗೆ ಬಿಸಿ ಹೆಚ್ಚಾದರೆ ಡಬ್ಬಿ ಕುಂಯ್ ಎಂದು ಕೂಗಬೇಕು. ನಾಲ್ಕಾರು ಸಲ ಪರೀಕ್ಷೆ ಮಾಡಿ, ಒಲೆ ಹೊತ್ತಿಸುವ ದಿನ ಬ್ಯಾರನ್ನಿಗೆ ಒಯ್ದೆ.

ಒಲೆ ಹೊತ್ತಿಸುವ ಮುಂಚೆ ಪೂಜೆ. ಗೌಡತಿ ಬಾಗಿಲಿಗೆ ಆರತಿ ಎತ್ತಿದವರು, ಹೊಸ ಯಂತ್ರಕ್ಕೂ ಆಗಲಿ ಎಂದು ಕರ್ಪೂರವನ್ನು ಗುಂಡಿಯ ಹತ್ತಿರಕ್ಕೆ ಹಿಡಿದರು. ಡಬ್ಬಿ ಕುಂಯ್ ಎಂದಿತು. ತಟ್ಟೆ ಹಿಂದಕ್ಕೆ ತಂದರು, ಸುಮ್ಮನಾಯಿತು. ಮತ್ತೆ ಎತ್ತಿದರು, ಮತ್ತೆ ಕುಂಯ್. ಅಲ್ಲಿದ್ದವರೆಲ್ಲ ಒಟ್ಟಿಗೆ ಕೈಮುಗಿದರು. ನಾನು ಹಿಗ್ಗಿಹೋದೆ, ಏಕೆಂದರೆ ಯಂತ್ರ ಕರಾರುವಾಕ್ಕಾಗಿ ಕೆಲಸ ಮಾಡುತ್ತಿತ್ತು.

"ಇಷ್ಟು ಚೆನ್ನಾಗಿ ಓಗೊಡೋದನ್ನ ಒಗೇಲಿ ಇಡೋದಾ!" ಎಂದು ಗೌಡತಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ದೇವರ ಮನೆಗೆ ಒಯ್ದರು. ಬ್ಯಾರನ್ನಿನ ಶಾಖವನ್ನು ಗೌಡರು ಎಂದಿನಂತೆ ಗೋಡೆ ಮುಟ್ಟಿಯೇ ನೋಡಿದರು. ವಾರ ಬಿಟ್ಟು ಸಿಕ್ಕಾಗ ಹೇಳಿದರು: "ಬೋ ಚೆನ್ನಾಗದೆ ಮೇಷ್ಟ್ರೇ, ಗಂಟೆ ಅಲ್ಲಾಡ್ಸೋ ಕೆಲ್ಸ ತಪ್ತು. ಆದ್ರೆ ಮಳಿಗೆ ಮಾತು ಮಾತೇಯ."

ಶುಭ ಇತ್ತ, ಅಶುಭ ಅತ್ತ

ದೀಪಾವಳಿ ಹತ್ತಿರ ಬಂತು. ಗೌಡರು ಗೊಬ್ಬರದವರ ಹತ್ತಿರ ಮಾತುಕತೆ ಮುಗಿಸಿದ್ದಾರೆಂದು ಸುದ್ದಿ ಬಂದಾಗ, ಯೂರಿಯಾ ಮೂಟೆಯೇ ಗೆಲ್ಲಬಹುದೆಂದು ಮೊದಲ ಸಲ ನನಗೂ ಅನಿಸಿತು. ಮಾರನೆಯ ದಿನ ಗೌಡರು, ಗೌಡತಿ ಇಬ್ಬರೂ ಬಂದರು.

"ಮಗಳ ಲಗ್ನ ಗೊತ್ತಾಯ್ತು. ಲಗ್ನಪತ್ರಿಕೆ ಮಾಡ್ಕೊಡಿ" ಎಂದರು ಗೌಡರು. "ಇದೊಂದಾಗೋಗ್ಲಿ, ಆಮ್ಯಾಕೆ ಮಳಿಗೆ ವಿಸ್ಯ ಮಾತಾಡವ."

ಇದ್ದಬದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಮೇಲೆ ಗಣಪತಿ, ಸುತ್ತ ಬಳ್ಳಿ, ನಡುವೆ ಮಗಳ ಹೆಸರು ಕಂಪ್ಯೂಟರಿನ ಗಾಜಿನಲ್ಲಿ ಕೆಂಪಗೆ ಮೂಡಿತು. ಗೌಡತಿಯ ಕಣ್ಣು ಒದ್ದೆಯಾಯಿತು.

"ಇದೇ ಮೊದ್ಲನೇ ಪತ್ರಿಕೇನಾ?" ಎಂದು ಕೇಳಿದರು.

"ಇದೇ ಅಮ್ಮ. ಅಚ್ಚಾಗೋದೆಲ್ಲ ಆಮೇಲೆ" ಎಂದೆ ಹೆಮ್ಮೆಯಿಂದ.

ಮೊದಲ ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚುವುದು ನಮ್ಮ ಕಡೆಯ ಪದ್ಧತಿ. ನಾನು ತಡೆಯುವಷ್ಟರಲ್ಲಿ ಗೌಡತಿ ಚೀಲದಿಂದ ಅರಿಶಿನ ತೆಗೆದು, ನೀರಲ್ಲಿ ಕಲಸಿ, ಕಂಪ್ಯೂಟರಿನ ಗಾಜಿನ ನಾಲ್ಕು ಮೂಲೆಗೂ ಬಳಿದು, ನಡುವೆ ಕುಂಕುಮ ಇಟ್ಟುಬಿಟ್ಟರು. ಮದುವೆ ಗಂಡಿನ ಹೆಸರು ಕುಂಕುಮದಡಿ ಮುಚ್ಚಿಹೋಯಿತು. ಗೌಡರು ಹೆಗಲ ಟವೆಲ್ ತೆಗೆದು ಕೈಮುಗಿದರು.

ಅದೇ ಹೊತ್ತಿಗೆ ಪಿರಿಯಾಪಟ್ಟಣದ ಕಡೆಯವನೊಬ್ಬ ಬಾಗಿಲಲ್ಲಿ ಇಣುಕಿ, "ತಿಥಿ ಕಾರ್ಡು ಮಾಡ್ತೀರಾ ಸಾರ್?" ಎಂದ.

"ಮಾಡ್ತೀವಿ, ಕೂತ್ಕೊಳ್ಳಿ" ಎಂದೆ.

ಗೌಡರು ದಿಗ್ಗನೆ ತಿರುಗಿದರು. "ಯಾವ್ದ್ರಲ್ಲಿ?"

"ಇದ್ರಲ್ಲೇ ಗೌಡ್ರೇ, ಇರೋದೇ ಒಂದು."

"ನನ್ ಮಗಳ ಲಗ್ನಪತ್ರಿಕೆ ಇರೋ ಪೆಟ್ಗೇಲಿ ತಿಥಿ ಕಾರ್ಡಾ?"

ಕಂಪ್ಯೂಟರಿನೊಳಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಜಾಗ ಇರುತ್ತದೆ, ಒಂದಕ್ಕೊಂದು ತಾಕುವುದಿಲ್ಲ, ವಿದ್ಯುತ್ತಿಗೆ ಸೂತಕವಿಲ್ಲ ಎಂದೆಲ್ಲ ಹೇಳಿದೆ. ಗೌಡತಿ ಒಂದೇ ಮಾತಲ್ಲಿ ಮುಗಿಸಿದರು: "ಕೋಣೆ ಬ್ಯಾರೆ ಆದ್ರೆ ಏನಪ್ಪ, ಮನೆ ಒಂದೇ ಅಲ್ವಾ?"

"ಹಾಗಾದ್ರೆ ತಿಥಿಗೆ ಬೇರೆ ಕಂಪ್ಯೂಟರೇ ತರಬೇಕಮ್ಮ" ಎಂದೆ. "ಇಡೋಕೆ ಜಾಗ ಎಲ್ಲಿದೆ? ಇರೋ ಮಳಿಗೇನೇ ಬಿಡ್ಬೇಕು. ನಾಳೆ ಇದನ್ನೂ ಮನೆಗೆ ಸಾಗಿಸ್ತೀನಿ."

"ಅರಿಸ್ನ ಅಚ್ಚಿದ್ದನ್ನ ಮದ್ವೆಗೆ ಮುಂಚೆ ಕದಲ್ಸೋದಾ!" ಗೌಡತಿ ಗಂಡನ ಕಡೆ ನೋಡಿದರು. ಆ ನೋಟಕ್ಕೆ ಯಾವ ಗೊಬ್ಬರದಂಗಡಿಯೂ ನಿಲ್ಲುವಂತಿರಲಿಲ್ಲ.

ಪಕ್ಕದ ಮಳಿಗೆಯೂ ಗೌಡರದೇ, ಗೋಣಿಚೀಲ ತುಂಬಿಟ್ಟಿದ್ದರು. ಸೊಂಟದಿಂದ ಅದರ ಬೀಗದ ಕೈ ಬಿಚ್ಚಿ ನನ್ನ ಕೈಗಿಟ್ಟರು. "ಇದನ್ನ ಅಲ್ಲಾಡುಸ್ಬ್ಯಾಡಿ. ಇನ್ನೊಂದು ಪೆಟ್ಗೆ ತಂದು ಪಕ್ಕದಲ್ಲಿಡಿ. ಶುಭ ಇತ್ತ, ಅಶುಭ ಅತ್ತ. ಗೊಬ್ಬರದ ಮಾತು ಮರೆತ್ಬುಡಿ."

ನಾನು ಬೀಗದ ಕೈಯನ್ನು ಜೇಬಿಗಿಳಿಸಿದೆ. ಆಗ ಗೌಡರು ಬಂದವನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು: "ಯಾರಪ್ಪ ಓಗಿದ್ದು?"

"ಯಾರೂ ಓಗಿಲ್ಲ ಗೌಡ್ರೇ" ಎಂದ ಅವನು. "ಕಂಪ್ಯೂಟರಲ್ಲಿ ಕಲರ್ ಕಾರ್ಡು ಆಯ್ತದೆ ಅಂತ ನಮ್ಮಪ್ಪನ ಕಿವಿಗೆ ಬಿದ್ದದೆ. ನನ್ ತಿಥಿ ಕಾರ್ಡು ಎಂಗ್ ಬತ್ತದೆ ಈಗ್ಲೇ ನೋಡ್ಬೇಕು ಅಂತ ಅಟ ಇಡ್ದವ್ರೆ. ಫೋಟೋನೂ ಅವ್ರೇ ಆರುಸ್ಕಂಡು ತಂದವ್ರೆ. ಅಗೋ, ಟೀ ಕುಡುದ್ಬುಟ್ಟು ಬತ್ತಾವ್ರೆ."

ಗೌಡರ ಕೈ ಬೀಗದ ಕೈಗಾಗಿ ಮುಂದಕ್ಕೆ ಬಂತು. ನಾನಾಗಲೇ ಹೊಸ್ತಿಲು ದಾಟಿದ್ದೆ.

"ಬನ್ನಿ ತಾತ, ಬನ್ನಿ" ಎಂದೆ. "ನಿಮ್ಮ ತಿಥಿಗೆ ಅಂತಲೇ ಈಗ ಬೇರೆ ಮಳಿಗೆ ಹಿಡಿದಿದ್ದೀನಿ!"